ಮೊದಲ ವರ್ಷ 70 ಮೇಲ್, ಮರುವರ್ಷ 6

ಕಳೆದ ವರ್ಷ ಮಾರ್ಚ್‌ನಲ್ಲಿ ಎರಡು ರಾತ್ರಿ ಕೂತು, ಬೇಸಗೆಗೆ ರಿಸರ್ಚ್ ಇಂಟರ್ನ್‌ಶಿಪ್ ಕೇಳಿ 70 ಪ್ರೊಫೆಸರ್‌ಗಳಿಗೆ ಮೇಲ್ ಕಳಿಸಿದೆ. ಆಗ ನಾಲ್ಕನೇ ಸೆಮ್. ಎಲ್ಲದರಲ್ಲೂ ಒಂದೇ ಒಕ್ಕಣೆ. ಹೆಸರು ಕೂಡ ಹಾಕಿರಲಿಲ್ಲ, ‘ರೆಸ್ಪೆಕ್ಟೆಡ್ ಸರ್ ಆರ್ ಮೇಡಂ’ ಅಂತ ಶುರು. ನನಗೆ ಎಐ, ಮಷಿನ್ ಲರ್ನಿಂಗ್, ಡೇಟಾ ಸೈನ್ಸ್ ಮೂರರಲ್ಲೂ ತುಂಬಾ ಆಸಕ್ತಿ ಇದೆ, ಬೇಸಗೆ ರಜೆಯಲ್ಲಿ ನಿಮ್ಮ ಲ್ಯಾಬ್‌ನಲ್ಲಿ ಕೆಲಸ ಮಾಡಲು ಅವಕಾಶ ಕೊಡಿ, ಸಿವಿ ಜೊತೆಗಿಟ್ಟಿದ್ದೇನೆ ಅಂತ ಬರೆದಿದ್ದೆ. 68 ಮಂದಿಯಿಂದ ಉತ್ತರವೇ ಇಲ್ಲ. ಒಬ್ಬರ ಕಡೆಯಿಂದ ‘ರಜೆಯಲ್ಲಿದ್ದೇನೆ’ ಎನ್ನುವ ಆಟೋಮ್ಯಾಟಿಕ್ ಉತ್ತರ ಬಂತು. ಇನ್ನೊಬ್ಬರು ಒಂದೇ ಸಾಲು ಬರೆದರು: ‘ನನ್ನ ಯಾವ ಪೇಪರ್ ಓದಿದ್ದೀರಿ?’

ಒಂದೂ ಓದಿರಲಿಲ್ಲ. ಅವರ ಪೇಪರ್ ಅಂತಲ್ಲ, ಯಾರ ರಿಸರ್ಚ್ ಪೇಪರನ್ನೂ ಅಲ್ಲಿಯವರೆಗೆ ಮೊದಲಿಂದ ಕೊನೆವರೆಗೆ ಓದಿರಲಿಲ್ಲ. ಆ ಮೇಲ್‌ಗೆ ಏನು ಉತ್ತರ ಕೊಡುವುದು ಅಂತ ಗೊತ್ತಾಗದೆ ಹಾಗೇ ಬಿಟ್ಟೆ. ಆದರೆ ಆ ಒಂದು ಸಾಲು ತಲೆಯಿಂದ ಹೋಗಲಿಲ್ಲ. ಈ ವರ್ಷ ನನಗೆ ಒಂದು ಲ್ಯಾಬ್ ಸಿಕ್ಕಿತು ಅಂದರೆ ಅದಕ್ಕೆ ಅರ್ಧ ಕಾರಣ ಆ ಪ್ರಶ್ನೆ. ನಮ್ಮ ಕಡೆ ಕಂಪ್ಯೂಟರ್ ಸೈನ್ಸ್ ಓದುವ ತುಂಬಾ ಮಂದಿಗೆ ಇದನ್ನೆಲ್ಲ ಹೇಳಿಕೊಡುವವರು ಇರುವುದಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಕಟಪಾಡಿಯವಳು. ಉಡುಪಿ ಹತ್ತಿರದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದೇನೆ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ.

ಮೊದಲ ವರ್ಷದ ಕಥೆ ಇನ್ನೂ ಸ್ವಲ್ಪ ಉಂಟು. ಮಾರ್ಚ್ ಕೊನೆಗೆ ನೋಡಿದರೆ ಒಳ್ಳೆಯ ಕಾರ್ಯಕ್ರಮಗಳಲ್ಲಿ ಸುಮಾರಿನ ಅರ್ಜಿ ಮುಗಿದೇ ಹೋಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇನ್ನೆರಡು ಅಕಾಡೆಮಿಗಳು ಸೇರಿ ನಡೆಸುವ ಬೇಸಗೆ ಫೆಲೋಶಿಪ್ ಇದೆಯಲ್ಲ, ಅದಕ್ಕೆ ಹಿಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೇ ಅರ್ಜಿ ಹಾಕಬೇಕು ಅಂತ ಆಗ ಗೊತ್ತಾಯಿತು. ಎರಡು ತಿಂಗಳ ಕೆಲಸ, ಸ್ಟೈಪೆಂಡ್ ಕೊಡುತ್ತಾರೆ, ಹೋಗಿ ಬರುವ ಖರ್ಚೂ ಸಿಗುತ್ತದೆ, ಇಂಜಿನಿಯರಿಂಗ್‌ನವರೂ ಹಾಕಬಹುದು. ನಮ್ಮ ಕ್ಲಾಸಿನ 60 ಜನರಲ್ಲಿ ಒಬ್ಬರೂ ಅದರ ಹೆಸರು ಕೇಳಿರಲಿಲ್ಲ. ಆ ಬೇಜಾರಲ್ಲಿ ಒಂದು ಆನ್‌ಲೈನ್ ಕಂಪನಿಗೆ 3,500 ರೂಪಾಯಿ ಕಟ್ಟಿ ‘ರಿಸರ್ಚ್ ಇಂಟರ್ನ್‌ಶಿಪ್’ ಸೇರಿದೆ. ಸಿದ್ಧ ಕೋಡ್ ಕೊಟ್ಟರು, ರನ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿದೆ, ನಾಲ್ಕು ವಾರಕ್ಕೆ ಸರ್ಟಿಫಿಕೇಟ್ ಬಂತು. ಅದು ನನ್ನ ದುಡ್ಡಲ್ಲ, ಅಪ್ಪನದ್ದು. ಈಗಲೂ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದಯವಿಟ್ಟು ಯಾರೂ ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟಬೇಡಿ. ನಿಜವಾದ ಲ್ಯಾಬ್ ಸ್ಟೈಪೆಂಡ್ ಕೊಡದೆ ಇರಬಹುದು, ಆದರೆ ಸಾಮಾನ್ಯವಾಗಿ ನಿಮ್ಮಿಂದ ಫೀಸು ಕೇಳುವುದಿಲ್ಲ.

ಐದನೇ ಸೆಮ್ ಶುರುವಾದ ಮೇಲೆ ನಮ್ಮ ಒಬ್ಬರು ಮೇಡಂ ಹತ್ತಿರ ಹೋದೆ. ಅವರು ಪಿಎಚ್‌ಡಿ ಮಾಡಿದವರು. ‘ಮೇಡಂ, ನೆಕ್ಸ್ಟ್ ಸಮ್ಮರ್‌ಗೆ ಎಲ್ಲಿಗಾದರೂ ರಿಸರ್ಚ್‌ಗೆ ಹೋಗಬೇಕು, ಯಾರಿಗೆ ಬರೆಯಲಿ?’ ಅಂತ ಕೇಳಿದೆ. ಅವರು ಹೆಸರೇನೂ ಹೇಳಲಿಲ್ಲ. ‘ನಿನಗೆ ಎಂತ ಗೊತ್ತಾಗಬೇಕು ಅಂತ ಉಂಟು, ಅದನ್ನು ಮೊದಲು ಹೇಳು’ ಅಂದರು. ನಾನು ‘ಎಐ’ ಅಂದೆ. ‘ಅದು ಪ್ರಶ್ನೆಯಲ್ಲ ಮಾರಾಯ್ತಿ, ಅದು ಸಬ್ಜೆಕ್ಟು. ಪ್ರಶ್ನೆ ತಗೊಂಡು ಬಾ.’

ಪ್ರಶ್ನೆ ಸಿಕ್ಕಿದ್ದು ಎರಡು ವಾರ ಬಿಟ್ಟು, ಅದೂ ಬೇರೇನೋ ಮಾಡುವಾಗ. ಕಾಲೇಜಿನ ಮಿನಿ ಪ್ರಾಜೆಕ್ಟ್‌ಗೆ ಕನ್ನಡ ವಾಕ್ಯಗಳನ್ನು ಒಂದು ಭಾಷಾ ಮಾಡೆಲ್‌ಗೆ (ಪಠ್ಯ ಓದಲು ಬರೆಯಲು ಕಲಿತ ಎಐ ಪ್ರೋಗ್ರಾಂ) ಕೊಡುತ್ತಿದ್ದೆ. ಮಾಡೆಲ್ ಓದುವ ಮೊದಲು ಪಠ್ಯವನ್ನು ತುಂಡು ಮಾಡುತ್ತದೆ, ಆ ತುಂಡಿಗೆ ಟೋಕನ್ ಅನ್ನುತ್ತಾರೆ. ಇಂಗ್ಲಿಷ್ ವಾಕ್ಯಕ್ಕೆ ಹತ್ತು ಹನ್ನೆರಡು ತುಂಡು ಆದರೆ ಅದೇ ಅರ್ಥದ ಕನ್ನಡ ವಾಕ್ಯಕ್ಕೆ ಎಷ್ಟೋ ಪಟ್ಟು ಜಾಸ್ತಿ. ಯಾಕೆ ಅಂತ ಹುಡುಕಿದೆ. ಕಂಪ್ಯೂಟರ್ ಪಠ್ಯವನ್ನು ಯುಟಿಎಫ್-8 ಅನ್ನುವ ಸಂಕೇತ ಪದ್ಧತಿಯಲ್ಲಿ ಇಡುವಾಗ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ‘ಸ್ತ್ರೀ’ ಅಂತ ಬರೆದರೆ ನಮಗೆ ಅದು ಒಂದೇ ಅಕ್ಷರ. ಕಂಪ್ಯೂಟರಿನ ಅಕ್ಷರಪಟ್ಟಿ ಯುನಿಕೋಡ್‌ಗೆ ಅದು ಸ, ವಿರಾಮ (ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ಈ ಸ್ವರಚಿಹ್ನೆ, ಒಟ್ಟು 6 ಚಿಹ್ನೆ, 18 ಬೈಟ್. ‘ಮನೆಯಲ್ಲಿರುವವರಿಗೆಲ್ಲ’ ಅಂತ ನಾವು ಒಂದೇ ಉಸಿರಲ್ಲಿ ಹೇಳುವ ಪದ 57 ಬೈಟ್. ಹೆಚ್ಚಾಗಿ ಇಂಗ್ಲಿಷ್ ಪಠ್ಯದ ಮೇಲೆ ತಯಾರಾದ ಟೋಕನೈಸರ್, ಅಂದರೆ ತುಂಡು ಮಾಡುವ ಪ್ರೋಗ್ರಾಂ, ಇದನ್ನು ಸಿಕ್ಕ ಸಿಕ್ಕಲ್ಲಿ ಕತ್ತರಿಸುತ್ತದೆ. ಮನೆ, ಅಲ್ಲಿ, ಇರುವ, ಅವರು, ಗೆ, ಎಲ್ಲ ಅಂತ ನಮ್ಮ ಕಿವಿಗೆ ಕೇಳುವ ಜಾಗದಲ್ಲಿ ಅದು ಕತ್ತರಿಸುವುದಿಲ್ಲ.

ಸರಿ, ನಮ್ಮ ಕಿವಿಗೆ ಕೇಳುವ ಜಾಗದಲ್ಲೇ ಮೊದಲು ಕತ್ತರಿಸಿ ಆಮೇಲೆ ಕೊಟ್ಟರೆ ಏನಾಗುತ್ತದೆ? ಇದೇ ನನ್ನ ಪ್ರಶ್ನೆ. ಮೇಡಂ ಹತ್ತಿರ ಹೇಳಿದಾಗ ಅವರು ನಕ್ಕು ‘ಈಗ ಓದು’ ಅಂದರು.

ಓದುವುದು ಇದೆಯಲ್ಲ, ಅದು ಎಲ್ಲಕ್ಕಿಂತ ಕಷ್ಟದ ಭಾಗ. ಪದಗಳನ್ನು ತುಂಡು ಮಾಡುವ ಬೈಟ್ ಪೇರ್ ಎನ್‌ಕೋಡಿಂಗ್ ವಿಧಾನವನ್ನು ಅನುವಾದಕ್ಕೆ ತಂದ 2016ರ ಪೇಪರ್ ಒಂದು ಇದೆ, ಈ ವಿಷಯಕ್ಕೆ ಬಂದವರೆಲ್ಲ ಅದನ್ನೇ ಮೊದಲು ಓದುತ್ತಾರೆ. ಹತ್ತು ಹನ್ನೊಂದು ಪುಟ. ನನಗೆ ಒಂಬತ್ತು ದಿನ ಹಿಡಿಯಿತು. ಮೊದಲ ದಿನ ಮೊದಲ ಪುಟದಲ್ಲೇ ನಿಂತೆ, ಪ್ರತಿ ಸಾಲಿಗೂ ಒಂದು ಗೊತ್ತಿಲ್ಲದ ಶಬ್ದ. ಮೇಡಂ ಹೇಳಿಕೊಟ್ಟ ಕ್ರಮ ಹೀಗೆ: ಮೊದಲು ಸಾರಾಂಶ, ಆಮೇಲೆ ನೇರ ಟೇಬಲ್ ಮತ್ತು ಚಿತ್ರ, ಆಮೇಲೆ ಕೊನೆಯ ಭಾಗ, ಮಧ್ಯದ ಗಣಿತ ಎಲ್ಲಕ್ಕಿಂತ ಕೊನೆಗೆ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿ ಕನ್ನಡದಲ್ಲಿ ಐದು ಸಾಲು ಬರೆಯಬೇಕು. ಬರೆಯಲು ಆಗದಿದ್ದರೆ ಅರ್ಥವಾಗಿಲ್ಲ ಅಂತ. ಎರಡನೇ ಪೇಪರ್‌ಗೆ ಐದು ದಿನ ಬೇಕಾಯಿತು, ಮೂರನೆಯದಕ್ಕೆ ಎರಡು. ಅಲ್ಲಿಂದ ಮುಂದೆ ಭಯ ಹೋಯಿತು.

ಡಿಸೆಂಬರ್ ರಜೆಯಲ್ಲಿ ಒಂದು ಪುಟ್ಟ ಪ್ರಯೋಗ ಮಾಡಿದೆ. ಕನ್ನಡ ವಿಕಿಪೀಡಿಯದ ಪೂರ್ತಿ ಪಠ್ಯವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಸ್ವಲ್ಪ ಭಾಗ ತೆಗೆದುಕೊಂಡು, ಗೂಗಲ್‌ನ ಉಚಿತ ಕೊಲಾಬ್‌ನಲ್ಲಿ (ಬ್ರೌಸರ್‌ನಲ್ಲೇ ಕೋಡ್ ರನ್ ಮಾಡುವ ಜಾಗ), ವಿಭಕ್ತಿ ಪ್ರತ್ಯಯ ಬೇರೆ ಮಾಡಿ ಮತ್ತು ಮಾಡದೆ ಎರಡು ಟೋಕನೈಸರ್ ತಯಾರು ಮಾಡಿ ತುಂಡುಗಳನ್ನು ಎಣಿಸಿದೆ. ದೊಡ್ಡದೇನೂ ಅಲ್ಲ. ಒಂದು ಗ್ರಾಫ್ ಬಂತು, ಅಷ್ಟೇ. ಆದರೆ ಆ ಗ್ರಾಫ್ ನನ್ನದು.

ಇನ್ನು ಅರ್ಜಿಗಳು. ಅಕಾಡೆಮಿಗಳ ಫೆಲೋಶಿಪ್‌ಗೆ ಈ ಸಲ ಸಮಯಕ್ಕೆ ಸರಿಯಾಗಿ ಹಾಕಿದೆ. ಯಾಕೆ ಈ ಕೆಲಸ ಮಾಡಬೇಕು ಅಂತ ಒಂದು ಚಿಕ್ಕ ಬರಹ ಕೇಳುತ್ತಾರೆ, ಜೊತೆಗೆ ಒಬ್ಬರು ಅಧ್ಯಾಪಕರ ಶಿಫಾರಸು ಪತ್ರ. ಶಿಫಾರಸಿನ ಬಗ್ಗೆ ಒಂದು ಮಾತು: ಕೊನೆಯ ದಿನದ ಹಿಂದಿನ ಸಂಜೆ ಹೋಗಿ ‘ಸರ್ ಒಂದು ಲೆಟರ್’ ಅಂತ ಕೇಳಬೇಡಿ. ನಾನು ಮೂರು ವಾರ ಮೊದಲೇ ಕೇಳಿ, ಅವರ ಕ್ಲಾಸಿನಲ್ಲಿ ನಾನು ಏನು ಮಾಡಿದ್ದೆ, ಯಾವ ಪ್ರಾಜೆಕ್ಟ್, ಈಗ ಏನು ಓದುತ್ತಿದ್ದೇನೆ ಅಂತ ಒಂದು ಪುಟ ಬರೆದುಕೊಟ್ಟೆ. ಅಧ್ಯಾಪಕರಿಗೆ ನೂರಾರು ಮಕ್ಕಳು, ಎಲ್ಲರದ್ದೂ ನೆನಪಿರುವುದಿಲ್ಲ ಅಲ್ವಾ. ‘ಶಿ ಈಸ್ ಹಾರ್ಡ್‌ವರ್ಕಿಂಗ್’ ಅಂತ ಮಾತ್ರ ಬರೆದ ಪತ್ರಕ್ಕೂ, ‘ಇವಳು ತಾನೇ ಡೇಟಾ ಇಳಿಸಿ ಇಂಥದ್ದನ್ನು ಮಾಡಿ ತೋರಿಸಿದಳು’ ಅಂತ ಬರೆದ ಪತ್ರಕ್ಕೂ ತುಂಬಾ ವ್ಯತ್ಯಾಸ ಇದೆ.

ಜನವರಿ ಆದ ಮೇಲೆ ಐಐಟಿಗಳ ಬೇಸಗೆ ಕಾರ್ಯಕ್ರಮಗಳ ಅರ್ಜಿ ಒಂದೊಂದಾಗಿ ತೆರೆಯುತ್ತವೆ. ಗಾಂಧಿನಗರದ ಎಸ್‌ಆರ್‌ಐಪಿ, ಕಾನ್ಪುರದ ಸರ್ಜ್, ಮದ್ರಾಸಿನ ಸಮ್ಮರ್ ಫೆಲೋಶಿಪ್ ಹೀಗೆ. ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ವಿಎಸ್‌ಆರ್‌ಪಿ ಅಂತ ಬೇಸಗೆ ಕಾರ್ಯಕ್ರಮ ಇದೆ, ಅಲ್ಗಾರಿದಮ್, ಕಾಂಪ್ಲೆಕ್ಸಿಟಿ ಥರದ ಥಿಯರಿ ಇಷ್ಟ ಇರುವವರು ಅದನ್ನು ಬಿಡಲೇಬಾರದು. ವಿದೇಶದ್ದೂ ನೋಡಿದೆ. ಅಮೆರಿಕದ ಆರ್‌ಇಯು ಅನ್ನುವ ಬೇಸಗೆ ರಿಸರ್ಚ್ ಕಾರ್ಯಕ್ರಮಗಳು ಬಹುತೇಕ ಅಲ್ಲಿನ ನಾಗರಿಕರು ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ, ಗೊತ್ತಿಲ್ಲದೆ ನಾನು ಅದರ ಫಾರ್ಮ್ ತುಂಬಲು ಒಂದು ದಿನ ಕಳೆದೆ. ಜರ್ಮನಿಯ ಡಾಡ್ ವೈಸ್ ಅನ್ನುವ ಇಂಟರ್ನ್‌ಶಿಪ್ ಸ್ಕಾಲರ್‌ಶಿಪ್‌ಗೆ ಅಲ್ಲಿನ ಪ್ರೊಫೆಸರ್‌ರ ಆಹ್ವಾನ ಪತ್ರ ಮೊದಲೇ ಕೈಯಲ್ಲಿರಬೇಕಿತ್ತು. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ, ಒಳ್ಳೆಯದೇ, ದುಡ್ಡೂ ಸಿಗುತ್ತದೆ, ಆದರೆ ಅದು ಓಪನ್ ಸೋರ್ಸ್ ಕೋಡ್ ಬರೆಯುವುದು, ರಿಸರ್ಚ್ ಬೇರೆ.

ನಾನು ಎರಡು ಐಐಟಿಗೆ ಹಾಕಿದೆ. ಜೊತೆಗೆ ಫೆಬ್ರವರಿಯಲ್ಲಿ 6 ಮೇಲ್ ಬರೆದೆ. ಒಂದೊಂದಕ್ಕೂ ಎರಡು ಮೂರು ದಿನ. ಮೊದಲ ಸಾಲಿನಲ್ಲಿ ಅವರ ಯಾವ ಪೇಪರ್ ಓದಿದೆ, ಅದರ ಯಾವ ಜಾಗದಲ್ಲಿ ನನಗೆ ಸಂಶಯ ಬಂತು ಅಂತ. ಆಮೇಲೆ ನನ್ನ ಪ್ರಶ್ನೆ, ಎರಡೇ ಸಾಲಲ್ಲಿ. ಆಮೇಲೆ ನಾನು ಮಾಡಿದ ಪ್ರಯೋಗದ ಗ್ರಾಫ್ ಮತ್ತು ಕೋಡ್‌ನ ಲಿಂಕ್. ಕೊನೆಗೆ ಯಾವ ತಾರೀಕಿನಿಂದ ಯಾವ ತಾರೀಕಿಗೆ ಬರಬಲ್ಲೆ ಅಂತ. ಒಟ್ಟು 15 ಸಾಲಿಗಿಂತ ಕಮ್ಮಿ. ಹತ್ತು ದಿನ ಬಿಟ್ಟು ಉತ್ತರ ಬಾರದವರಿಗೆ ಒಮ್ಮೆ ಮಾತ್ರ ನೆನಪು ಮಾಡಿದೆ. ಆರರಲ್ಲಿ ಮೂವರು ಉತ್ತರ ಬರೆದರು! ಒಬ್ಬರು ಜಾಗ ಇಲ್ಲ ಅಂದರು, ಆದರೆ ಓದಲು ಇನ್ನೆರಡು ಪೇಪರ್ ಕಳಿಸಿದರು. ಇನ್ನೊಬ್ಬರು ಮುಂದಿನ ವರ್ಷ ಕೇಳಿ ಅಂದರು. ಮೂರನೆಯವರು ಸುರತ್ಕಲ್‌ನ ಇಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯವರು, ವಿಡಿಯೋ ಕಾಲ್‌ನಲ್ಲಿ ಮಾತಾಡೋಣ ಅಂದರು.

ಆ ಕಾಲ್ 20 ನಿಮಿಷ ಅಂತ ಇದ್ದದ್ದು 50 ನಿಮಿಷ ಆಯಿತು. ಡೇಟಾ ಸ್ಟ್ರಕ್ಚರ್ ಕೇಳುತ್ತಾರೆ ಅಂತ ಎರಡು ರಾತ್ರಿ ಓದಿದ್ದೆ, ಅದೊಂದನ್ನೂ ಕೇಳಲಿಲ್ಲ. ನನ್ನ ಗ್ರಾಫನ್ನೇ ಸ್ಕ್ರೀನ್ ಮೇಲೆ ಇಟ್ಟು ‘ನಿನ್ನ ವಿಧಾನ ಉತ್ತಮ ಅಂತೀಯಲ್ಲ, ಯಾವುದಕ್ಕಿಂತ ಉತ್ತಮ? ತುಂಡು ಕಮ್ಮಿ ಆಯಿತು ಅಂದರೆ ಮಾಡೆಲ್‌ಗೆ ಜಾಸ್ತಿ ಅರ್ಥವಾಯಿತು ಅಂತ ಹೇಗೆ ಹೇಳ್ತೀ?’ ಅಂತ ಕೇಳಿದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ‘ಗೊತ್ತಿಲ್ಲ ಸರ್’ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಎರಡೂ ಟೋಕನೈಸರ್ ಬಳಸಿ ಒಂದೊಂದು ಚಿಕ್ಕ ಮಾಡೆಲ್‌ಗೆ ತರಬೇತಿ ಕೊಟ್ಟು, ಅದು ಹಿಂದೆ ನೋಡದ ಸುದ್ದಿಗಳನ್ನು ವಿಷಯವಾರು ಎಷ್ಟು ಸರಿಯಾಗಿ ವಿಂಗಡಿಸುತ್ತದೆ ಅಂತ ನೋಡಬಹುದಾ ಅಂತ ಕೇಳಿದೆ. ‘ಅದನ್ನೇ ಮಾಡು, ಬಾ’ ಅಂದರು. ಸ್ಟೈಪೆಂಡ್ ಇಲ್ಲ ಅಂತಲೂ ಆಗಲೇ ನೇರವಾಗಿ ಹೇಳಿದರು. ಹಾಗೆ ಮೊದಲೇ ಹೇಳಿದ್ದು ನನಗೆ ಒಳ್ಳೆಯದೇ ಅನ್ನಿಸಿತು.

ಏಪ್ರಿಲ್‌ನಲ್ಲಿ ಅಕಾಡೆಮಿಗಳ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲ ಅಂತ ಗೊತ್ತಾಯಿತು. ಅದೇ ವಾರ ಒಂದು ಐಐಟಿಯಿಂದ ಆಯ್ಕೆಯಾಗಿದ್ದೀರಿ ಅಂತ ಮೇಲ್ ಬಂತು. ಸ್ಟೈಪೆಂಡ್ ಉಂಟು, ಹಾಸ್ಟೆಲ್ ಉಂಟು. ಮನೆಯಲ್ಲಿ ಎಲ್ಲರಿಗೂ ಖುಷಿ. ಆಮೇಲೆ ತಾರೀಕು ನೋಡಿದೆ. ಮೇ ಮಧ್ಯದಿಂದ ಜುಲೈ ಮಧ್ಯದವರೆಗೆ, ಎಡೆಯಲ್ಲಿ ಬಿಡುವ ಹಾಗಿಲ್ಲ. ನಮ್ಮ ಆರನೇ ಸೆಮ್ ಪರೀಕ್ಷೆ ಜೂನ್ ಮೂರನೇ ವಾರ ಶುರುವಾಗಿ ಜುಲೈಗೆ ಮುಗಿಯುವುದು. ಇದು ನನ್ನೊಬ್ಬಳ ತೊಂದರೆ ಅಲ್ಲ. ದೇಶದ ಬೇಸಗೆ ಕಾರ್ಯಕ್ರಮಗಳೆಲ್ಲ ಮೇ, ಜೂನ್ ಅಂತ ಇಟ್ಟುಕೊಂಡಿರುತ್ತವೆ, ನಮ್ಮಂಥ ಕಾಲೇಜುಗಳ ಪರೀಕ್ಷೆ ಸರಿಯಾಗಿ ಅದರ ನಡುವೆ ಬರುತ್ತದೆ. ಹೀಗೆ ಎಷ್ಟು ಮಕ್ಕಳ ಅವಕಾಶ ಹೋಗುತ್ತದೋ. ಕಾಲೇಜಿನಲ್ಲಿ ಕೇಳಿದೆ, ಅವರ ಕೈಯಲ್ಲೂ ಏನೂ ಇರಲಿಲ್ಲ.

ಎರಡು ದಿನ ಊಟ ಸೇರಲಿಲ್ಲ. ದುಡ್ಡಿನ ಲೆಕ್ಕವೂ ಇತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆ ಎರಡು ತಿಂಗಳು ಅಪ್ಪನ ಕೈಯಲ್ಲಿ ಏನೂ ಇರುವುದಿಲ್ಲ. ಸ್ಟೈಪೆಂಡ್ ಬಂದಿದ್ದರೆ ಮನೆಗೆ ಆಗುತ್ತಿತ್ತು. ಅಪ್ಪನೇ ಕೇಳಿದರು, ‘ಆ ಇನ್ನೊಂದು ಎಲ್ಲಿ ಅಂದಿ? ಕೆಆರ್‌ಇಸಿಯಾ?’ 1960ರಲ್ಲಿ ಶುರುವಾದಾಗ ಎನ್‌ಐಟಿಕೆಯ ಹೆಸರು ಅದೇ ಇತ್ತಲ್ಲ, ನಮ್ಮ ಊರಿನ ಹಿರಿಯರಿಗೆ ಅದು ಈಗಲೂ ಕೆಆರ್‌ಇಸಿಯೇ. ಹೌದು ಅಂದೆ. ‘ಮತ್ತೆ ಎಂತ? ಪರೀಕ್ಷೆ ಸಮಯಕ್ಕೆ ಬಿಡ್ತಾರಾ ಕೇಳು. ಬಸ್ಸಿನ ದುಡ್ಡು ನಾನು ಕೊಡ್ತೇನೆ.’

ಕೇಳಿದೆ. ಸರ್ ಒಂದೇ ಸಾಲಲ್ಲಿ ಒಪ್ಪಿದರು. ಪರೀಕ್ಷೆಗೆ ಮೊದಲು ನಾಲ್ಕು ವಾರ, ಮುಗಿದ ಮೇಲೆ ಐದು ವಾರ. ಹತ್ತಿರದ ಲ್ಯಾಬ್‌ನ ದೊಡ್ಡ ಅನುಕೂಲ ಇದು, ಇದನ್ನು ಯಾರೂ ಹೇಳುವುದಿಲ್ಲ. ನಾವು ದೂರದ ದೊಡ್ಡ ಹೆಸರುಗಳಿಗೆ ಬರೆಯುತ್ತಾ ಇರುತ್ತೇವೆ, ಎದುರಿನ ಹೈವೇಯಲ್ಲೇ ಇರುವ ಸಂಸ್ಥೆಗೆ ಬರೆಯುವುದಿಲ್ಲ.

ಕಟಪಾಡಿಯಿಂದ ಸುರತ್ಕಲ್‌ಗೆ ಎಕ್ಸ್‌ಪ್ರೆಸ್ ಬಸ್. ಕಾಪು, ಪಡುಬಿದ್ರಿ, ಮುಲ್ಕಿ, ಹಳೆಯಂಗಡಿ, ಮುಕ್ಕ ದಾಟಿದರೆ ಎನ್‌ಐಟಿಕೆ. ಸರಕಾರಿ ಬಸ್‌ನಲ್ಲಿ ಹೆಂಗಸರಿಗೆ 2023ರಿಂದ ಟಿಕೆಟ್ ಇಲ್ಲ, ಆದರೆ ನಮ್ಮ ಎರಡು ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಹಾಗಾಗಿ ದಿನಾ ದುಡ್ಡು ಕೊಟ್ಟೇ ಹೋದೆ. ಜೂನ್ ಮಳೆಯಲ್ಲಿ ಲ್ಯಾಪ್‌ಟಾಪ್ ಬ್ಯಾಗಿಗೆ ಅಮ್ಮ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹೊಲಿದುಕೊಟ್ಟಿದ್ದರು.

ಮೊದಲ ವಾರ ಕೋಡೇ ಬರೆಯಲಿಲ್ಲ. ಡೇಟಾ ನೋಡು ಅಂದರು, ನೋಡಿದೆ. ಎರಡನೇ ವಾರ ಪದಗಳ ಎಣಿಕೆಯ ಪಟ್ಟಿಯಲ್ಲಿ ‘ಬಸ್’ ಎರಡು ಸಲ ಬಂದಿತ್ತು. ಎರಡೂ ನೋಡಲು ಒಂದೇ ಥರ, ಸಂಖ್ಯೆ ಮಾತ್ರ ಬೇರೆ. ನನ್ನ ಕೋಡ್‌ನಲ್ಲಿ ತಪ್ಪಿದೆ ಅಂತ ಮೂರು ದಿನ ಹುಡುಕಿದೆ. ಕೋಡ್ ಸರಿಯೇ ಇತ್ತು. ಪಿಎಚ್‌ಡಿ ಮಾಡುತ್ತಿದ್ದ ಒಬ್ಬರು ಅಣ್ಣ ಬಂದು ‘ಬೈಟ್ ಪ್ರಿಂಟ್ ಮಾಡಿ ನೋಡು’ ಅಂದರು. ಒಂದು ‘ಬಸ್’ನ ಕೊನೆಗೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿತ್ತು, ಅದಕ್ಕೆ ಝೀರೋ ವಿಡ್ತ್ ನಾನ್ ಜಾಯ್ನರ್ ಅನ್ನುತ್ತಾರೆ. ‘ಫೇಸ್‌ಬುಕ್’ ಅಂತ ಬರೆಯುವಾಗ ಸ ಕೆಳಗೆ ಬ ಒತ್ತಾಗಿ ಕೂರದ ಹಾಗೆ ತಡೆಯುವುದು ಅದೇ. ಕೆಲವು ಟೈಪಿಂಗ್ ಸಾಧನಗಳು ಬೇಡದ ಕಡೆಯೂ ಅದನ್ನು ಹಾಕುತ್ತವೆ, ಪದದ ಕೊನೆಗೂ ಬಿಡುತ್ತವೆ. ಕಂಪ್ಯೂಟರ್‌ಗೆ ಅವು ಎರಡು ಬೇರೆ ಪದ. ಡಿಸೆಂಬರ್‌ನ ನನ್ನ ಗ್ರಾಫ್ ಅಷ್ಟು ಚೆಂದ ಕಾಣಲು ಈ ಕಸವೂ ಒಂದು ಕಾರಣ ಆಗಿತ್ತು! ಪಠ್ಯ ಶುಚಿ ಮಾಡಿ ಮತ್ತೆ ಮಾಡಿದಾಗ ವ್ಯತ್ಯಾಸ ಅರ್ಧಕ್ಕೆ ಇಳಿಯಿತು. ಅವತ್ತು ಸಂಜೆ ಬಸ್‌ನಲ್ಲಿ ತುಂಬಾ ಬೇಜಾರಾಗಿತ್ತು. ಮರುದಿನ ಸರ್‌ಗೆ ಹೇಳಿದರೆ ಅವರಿಗೆ ಖುಷಿ. ‘ಇದನ್ನು ಮೊದಲು ಬರೆದಿಡು, ಇದು ರಿಪೋರ್ಟಿನಲ್ಲಿ ಬರಬೇಕು’ ಅಂದರು.

ಪರೀಕ್ಷೆ ಮುಗಿಸಿ ಬಂದ ಮೇಲಿನ ಐದು ವಾರ ಬೇಗ ಹೋಯಿತು. ಪ್ರತಿ ಶುಕ್ರವಾರ ಲ್ಯಾಬ್‌ನ ಎಲ್ಲರ ಎದುರು ಹತ್ತು ನಿಮಿಷ ಹೇಳಬೇಕು: ಏನು ಮಾಡಿದೆ, ಏನು ಆಗಲಿಲ್ಲ, ಮುಂದೇನು. ಕೊನೆಗೆ ಬಂದ ಫಲಿತಾಂಶ ಇಷ್ಟು: ಟೋಕನೈಸರ್‌ಗೆ 8,000 ತುಂಡುಗಳ ಶಬ್ದಕೋಶ ಕೊಟ್ಟಾಗ ಪ್ರತ್ಯಯ ಬೇರೆ ಮಾಡಿದ್ದು ಉಪಯೋಗಕ್ಕೆ ಬಂತು, 32,000 ಕೊಟ್ಟಾಗ ವ್ಯತ್ಯಾಸ ಹೆಚ್ಚೂ ಕಮ್ಮಿ ಇಲ್ಲವಾಯಿತು. ನಾನು ಅಂದುಕೊಂಡದ್ದು ಪೂರ್ತಿ ಸರಿ ಆಗಲಿಲ್ಲ. ಪೇಪರ್ ಆಗಲಿಲ್ಲ, 14 ಪುಟದ ರಿಪೋರ್ಟ್ ಆಯಿತು. ಅದರಲ್ಲಿ ಬರೆದ ಪ್ರತಿ ಸಂಖ್ಯೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಹಿಂದಿನ ವರ್ಷದ ಸರ್ಟಿಫಿಕೇಟನ್ನು ಸಿವಿಯಿಂದ ತೆಗೆದುಹಾಕಿದೆ.

ಈಗ ಅದೇ ಪ್ರಶ್ನೆಯನ್ನು ತುಳುವಿಗೆ ಕೇಳುತ್ತಿದ್ದೇನೆ, ಸರ್ ಶನಿವಾರ ಬರಲು ಹೇಳಿದ್ದಾರೆ. ತುಳು ವಿಕಿಪೀಡಿಯ 2016ರಲ್ಲಿ ಶುರುವಾಯಿತು, ಗೂಗಲ್ ಅನುವಾದಕ್ಕೆ ತುಳು ಸೇರಿದ್ದು 2024ರಲ್ಲಿ. ಡೇಟಾ ಕಮ್ಮಿ. ಇದ್ದದ್ದರಲ್ಲೂ ಒಂದೇ ಪದವನ್ನು ಒಬ್ಬರು ‘ಕಣ್ಣು’ ಅಂತ ಬರೆದರೆ ಇನ್ನೊಬ್ಬರು ‘ಕಣ್ಣ್’ ಅಂತ ಬರೆಯುತ್ತಾರೆ. ನಾವು ಬಾಯಲ್ಲಿ ಹೇಳುವ ಆ ಕೊನೆಯ ಸ್ವರಕ್ಕೆ ಕನ್ನಡ ಲಿಪಿಯಲ್ಲಿ ಸರಿಯಾದ ಚಿಹ್ನೆ ಇಲ್ಲ. ಮೊನ್ನೆ ರಾತ್ರಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿ ಎರಡನ್ನೂ ತೋರಿಸಿ ಯಾವುದು ಸರಿ ಅಂತ ಕೇಳಿದೆ. ಅಮ್ಮ ಎರಡನ್ನೂ ಜೋರಾಗಿ ಓದಿ, ಮತ್ತೆ ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡು, ‘ನಾನು ಯಾವತ್ತೂ ತುಳು ಬರೆದದ್ದೇ ಇಲ್ಲವಲ್ಲ’ ಅಂದರು.